ಉಪ್ಪುಹಿಟ್ಟಿನ ನಕ್ಷತ್ರ ಮೆತ್ತಗಾಗ್ಯಾವ, ಕ್ರಿಸ್‌ಮಸ್ ಗಿಡಕ್ಕ ತೂಗಹಾಕೂದು ಹೆಂಗ?

ಟಿಳಕವಾಡಿ, ಬೆಳಗಾವಿ:
ಕ್ರಿಸ್‌ಮಸ್ ಗಿಡಕ್ಕ ತೂಗಹಾಕೂ ನಕ್ಷತ್ರ ಮನ್ಯಾಗ ಮಾಡಾಕತ್ತೇವಿ. 2 ವಾಟಿ ಮೈದಾ, 1 ವಾಟಿ ಉಪ್ಪು, 1 ವಾಟಿ ನೀರು. 1 ಸೆಂ.ಮೀ. ದಪ್ಪ ಲಟ್ಟಿಸಿ, ಸ್ಟ್ರಾದಿಂದ ತೂತು ಹಾಕಿ, ಮಾಳಗಿ ಮ್ಯಾಲ 4 ದಿನ ಒಣಗಿಸೇವಿ. ಪೋಸ್ಟರ್ ಬಣ್ಣ ಹಚ್ಚಿದ ಮ್ಯಾಲ ಬೆಳ್ಳನ ಪುಡಿ ಎದ್ದದ. ಮುಂಜಾನೆ ಮುಟ್ಟಿದ್ರ ಅಂಟ ಅಂಟ. ಓವನ್ ಇಲ್ಲ. ಗಿಡ 4 ಫೂಟಿನ ಕುಂಡ್ಯಾಗಿನ ಸೈಪ್ರಸ್, ಟೊಂಗಿ ಬಾಗಾಕತ್ತಾವ. 40 ಬೇಕು, 400 ರೂಪಾಯಿ ಒಳಗ. 18 ಆಗ್ಯಾವ. ಮಾಡಿ ನೋಡಿದವರು ಹೇಳ್ರಿ.

ಶಹಾಪುರ, ಬೆಳಗಾವಿ:
ಉಪ್ಪುಹಿಟ್ಟಿಗೆ ಬೈಯ್ಯೂದು ಬ್ಯಾಡ, ಬಿಸಿಲಿಗೆ ಬೈರಿ. ಬಿಸಿಲಿನಾಗ ಒಣಗಿದ್ದು ಬರೇ ಮ್ಯಾಲಿನ ತೊಗಲು. ಗಾಳಿಯ ಆರ್ದ್ರತೆ ಶೇ. 75 ದಾಟಿತಂದ್ರ ಅಡಿಗಿ ಉಪ್ಪು ತಾನ ನೀರು ಎಳಕೊಂಡು ಕರಗಾಕ ಸುರು ಮಾಡ್ತದ. ಬೆಳಗಾವಿ ಮಂಜಿನ ಮುಂಜಾನೆ ಅಂದ್ರ ಅಷ್ಟು ಆಗೇ ಆಗ್ತದ. ಅದಕ್ಕ ಎಷ್ಟು ಒಣಗಿಸಿದ್ರೂ ವಾರ್ನಿಶ್ ಇಲ್ಲದ ನಕ್ಷತ್ರ ಉಳಿಯೂದಿಲ್ಲ.

ನಂದು ಲೆಕ್ಕ ಹಿಂಗ. ಸಣ್ಣ ಉಪ್ಪೇ ಬೇಕು, ಹರಳುಪ್ಪು ಹಾಕಿದ್ರ ಮೈ ಗರಗರ ಆಗಿ ಅಂಚು ಉದರ್ತದ. ನೀರು ಮುಕ್ಕಾಲು ವಾಟಿ ಮೊದಲು, ಉಳಿದದ್ದು ಚಮಚಾದಿಂದ. ಪೂರ್ತಿ 1 ವಾಟಿ ಒಮ್ಮೆಗೆ ಹಾಕಿದ್ರ ಹಿಟ್ಟು ಹರದು ತೂತು ಮುಚ್ಚಿಕೊಳ್ತದ. 10 ನಿಮಿಷ ನಾದಿ, ಅರ್ಧ ತಾಸು ಮುಚ್ಚಿ ಇಟ್ಟು, 5 ಮಿ.ಮೀ. ದಪ್ಪ ಲಟ್ಟಿಸ್ರಿ. 1 ಸೆಂ.ಮೀ. ಇಟ್ಟರ ತೂಕ ಎರಡು ಪಟ್ಟು, ಒಣಗೂ ವ್ಯಾಳ್ಯಾ ಎರಡು ಪಟ್ಟಿಗಿಂತ ಹೆಚ್ಚು. ಓವನ್ ಇದ್ದವರು 110 ಡಿಗ್ರಿ ಸೆಲ್ಸಿಯಸ್, 3 ತಾಸು, ನಡುವ ಒಮ್ಮೆ ಮಗ್ಗಲಾ ಬದಲಿ. 130 ದಾಟಿತೋ, ಒಳಗಿನ ಹಬಿ ಹೊರಗ ಬರಾಕ ದಾರಿ ಇಲ್ಲದ ಹೊಟ್ಟಿ ಉಬ್ಬತದ. ಬೆಂದದ್ದು ತಿಳಿಯೂದು ತಕ್ಕಡಿಯಿಂದ: ಅರ್ಧ ತಾಸು ಬಿಟ್ಟು ಎರಡು ಸಲ ತೂಗಿದ್ರ ತೂಕ ಅಷ್ಟೇ ಇರಬೇಕು.

ಖರ್ಚು ಹಾಳಾಗಿದ್ದು ಒಂದೇ ಕಡೆ. ಮೊದಲನೇ ಸಲ 60 ತುಂಡು ಒಂದು ಬೇಕರಿ ಭಟ್ಟಿಗೆ ಕೊಟ್ಟು, 150 ರೂಪಾಯಿ ಹೋತು, 41 ಉಬ್ಬಿ ಬಂದ್ವು. ಬ್ರೆಡ್ ತಗದ ಕೂಡಲೆ ಒಳಗ ಇಟ್ಟಿದ್ರು. ಭಟ್ಟಿ ಅರ್ಧ ಆರಿದ ಮ್ಯಾಲ ಇಡ್ರಿ ಅಂತ ಹೇಳಿದ್ದು ಅವರ ಕಿವಿಗೆ ಹೋಗಿರಲಿಲ್ಲ. ಇನ್ನು ಕಬ್ಬಿಣದ ಕೊಕ್ಕಿ ಚುಚ್ಚಿ ಬೇಯಿಸಬ್ಯಾಡ್ರಿ. ಉಪ್ಪಿಗೆ ತುಕ್ಕು ಹಿಡದು ತೂತಿನ ಸುತ್ತ ಕೆಂಪು ಕಲಿ ಬರ್ತದ, ಅದು ಯಾವ ಬಣ್ಣದ ಕೆಳಗೂ ಮುಚ್ಚೂದಿಲ್ಲ.

ನವನಗರ, ಬಾಗಲಕೋಟೆ:
ಉಪ್ಪು ನೀರು ಎಳೀತದ ಅಂತ ತಾವ ಹೇಳತೀರಿ, ಮತ್ತ ಉಪ್ಪ ಹಾಕ್ರಿ ಅಂತೀರಿ. ಉಪ್ಪು ಬಿಟ್ಟುಬಿಡ್ರಿ. 2 ವಾಟಿ ಅಡಿಗಿ ಸೋಡಾ, 1 ವಾಟಿ ಕಾರ್ನ್‌ಫ್ಲೋರ್, ಒಂದೂಕಾಲು ವಾಟಿ ನೀರು. ದಪ್ಪ ತಳದ ಪಾತ್ರ್ಯಾಗ ನಡುಮಟ್ಟದ ಉರಿ ಮ್ಯಾಲ ತಿರುವ್ಕೋತ ಇರಬೇಕು. ಮೊದಲು ಹಾಲಿನಂಗ, ಆಮ್ಯಾಲ ಗಂಜಿ, ಕಡೀಗೆ ಹಿಸುಕಿದ ಬಟಾಟಿ ಹಂಗ ಗುಂಡಾಗಿ ತಳ ಬಿಡ್ತದ. ಅದೇ ಗಳಿಗೆಗೆ ಇಳಿಸ್ರಿ. ಒಂದು ನಿಮಿಷ ಹೆಚ್ಚಾದ್ರ ಲಟ್ಟಿಸುವಾಗ ಸೀಳ್ತದ, ಒಂದು ನಿಮಿಷ ಕಡಿಮಿ ಆದ್ರ ಕೈಗೆ ಅಂಟತದ. ಹಸೀ ಅರಿವಿ ಮುಚ್ಚಿ ಆರಿಸಿ, ನಾದಿ, 5 ಮಿ.ಮೀ. ಲಟ್ಟಿಸಿ ಕತ್ತರಿಸ್ರಿ. 6 ಸೆಂ.ಮೀ. ಗುಂಡು ಬಿಲ್ಲಿ ಸುಮಾರು 30 ಆಗ್ತಾವ.

ಓವನ್ ಬ್ಯಾಡೇ ಬ್ಯಾಡ. ನೆರಳಾಗ ಜರಡಿ ಮ್ಯಾಲ 2 ದಿನ, 6 ತಾಸಿಗೊಮ್ಮೆ ತಿರುವಿ ಹಾಕ್ರಿ. ಬಿಸಿಲಿಗೆ ಇಟ್ಟರ ಮ್ಯಾಲಿನ ಮೈ ಮೊದಲು ಕುಗ್ಗಿ ಹಪ್ಪಳದಂಗ ಅಂಚು ಮ್ಯಾಲೇಳ್ತದ. ಪೇಪರ್ ಮ್ಯಾಲ ಇಟ್ಟರ ಅಕ್ಷರ ಮೂಡ್ತಾವ, ನಂದು ಒಂದು ಪೂರಾ ಖೇಪು ಹಂಗ ಹೋತು. ಬಣ್ಣಾನೇ ಬ್ಯಾಡ, ಸುಣ್ಣದಂಥ ಬಿಳುಪು ತಾನ ಬರ್ತದ. ಬೇಕಿಂಗ್ ಪೌಡರ್ ತರಬ್ಯಾಡ್ರಿ. ಅದರಾಗ ಹುಳಿ ಕೂಡಿರ್ತದ, ನೀರು ಬಿದ್ದ ಕೂಡಲೆ ನೊರಿ ಏಳ್ತದ.

ಶಹಾಪುರ, ಬೆಳಗಾವಿ:
ಬಿಳುಪು ಖರೆ. ಶಹಾಬಾದ ಕಲ್ಲಿನ ನೆಲಕ್ಕ ಗಿಡದ ಎತ್ತರದಿಂದ ಒಂದು ಬೀಳಲಿ, ನಕ್ಷತ್ರದ ಚುಂಚು ಉಳೀತದೇನು? ಮೈದಾದಾಗ ನಾದಿದಾಗ ಜಿಗಿ ಬರ್ತದ, ಅದೇ ಹಿಡಿದಿಡ್ತದ. ಕಾರ್ನ್‌ಫ್ಲೋರಿಗೆ ಆ ಜಿಗಿ ಇಲ್ಲ, ಅದಕ್ಕ ನೀವು ಗುಂಡು ಬಿಲ್ಲಿ ಮಾತಾಡಾಕತ್ತೀರಿ, ನಕ್ಷತ್ರದ್ದಲ್ಲ.

ನವನಗರ, ಬಾಗಲಕೋಟೆ:
ನಕ್ಷತ್ರಾನೂ ಮಾಡೇನಿ. ಚುಂಚು ಸೂಜಿಯಂಗ ಬಿಡಬಾರದು, ಹಸೀ ಇದ್ದಾಗ ಬೆರಳಿಗೆ ನೀರು ಹಚ್ಚಿ ಮೊಂಡ ಮಾಡಬೇಕು. 41 ತುಂಡು ಉಬ್ಬಿಸಿಕೊಂಡವರು ಗಟ್ಟಿತನದ ಪಾಠ ಹೇಳೂದು ಬ್ಯಾಡ.

ಇಳಕಲ್ಲ:
ಎರಡೂ ಮಂದಿ ತೂಕದ ಗಿಡಕ್ಕ ಮತ್ತ ತೂಕಾನೇ ಹೇರಾಕತ್ತೀರಿ. ಸೈಪ್ರಸ್ ಟೊಂಗಿ ತುದಿ 10 ಗ್ರಾಮಿಗೇ ಬಾಗತದ. ಅರಿವಿದು ಮಾಡ್ರಿ, ಒಂದಕ್ಕ 3 ಗ್ರಾಂ.

ತೂಗಹಾಕಿದ್ದು ಒಂದೇ ದಾರದ ಮ್ಯಾಲ ಇರ್ತದ, ಗಾಳಿಗೆ ತಿರಗತದ, ಹಿಂದಿನ ಮಗ್ಗಲಾ ಕಾಣೇ ಕಾಣ್ತದ. ಈ ಮಾತು ಯಾರೂ ಯೋಚನಾ ಮಾಡೂದಿಲ್ಲ. ಇದಕ್ಕ ಕಸೂತಿಯಂಥದ್ದು ಬ್ಯಾರೆ ಇಲ್ಲ. ಗವಂತಿ ಮತ್ತ ಮುರಗಿ ಹೊಲಿಗಿ ಎರಡೂ ಮಗ್ಗಲಿಗೆ ಒಂದೇ ಥರ ಬೀಳ್ತಾವ. ಎಳಿ ಎಣಿಸಿ ಒಂದು ಬಿಟ್ಟು ಒಂದು ಟಾಕಾ ಹಾಕ್ಕೋತ ಹೋಗಿ, ಬರುವಾಗ ಬಿಟ್ಟ ಜಾಗಾ ತುಂಬಿಕೋತ ಬರೂದು. ಗಂಟು ಹಾಕೂದಿಲ್ಲ, ದಾರದ ತುದಿ ಟಾಕಾದ ಕೆಳಗ ಮುಚ್ಚೂದು. ನೇಗಿ ಮತ್ತ ಮೆಂತಿ ಹೊಲಿಗಿ ತೂಗೂ ಸಾಮಾನಿಗೆ ಬ್ಯಾಡ, ಅವುಗಳ ಹಿಂಬದಿ ಬ್ಯಾರೆ ಕಾಣ್ತದ. ಎಳಿ ಎಣಿಸಾಕ ಬರೂ ಮ್ಯಾಟಿ ಬಟ್ಟಿ ಮ್ಯಾಲ 8 ಮೂಲಿ ನಕ್ಷತ್ರ, 5 ಸೆಂ.ಮೀ. ಅಳತಿ, ಒಂದೇ ಎಳಿ ದಾರ. ಮೊದಲು ಚೌಕಟ್ಟಿಗೆ ಹಾಕಿ ಹೊಲದು, ಆಮ್ಯಾಲ ಕತ್ತರಿಸಬೇಕು. ಕತ್ತರಿಸಿ ಹೊಲದ್ರ ಎಳಿ ಜಾರಿ ಎಣಿಕಿ ತಪ್ಪತದ, 9 ತುಂಡು ಹಂಗ ಬಿಚ್ಚೇನಿ. ಅಂಚಿಗೆ ನೀರು ಬೆರಸಿದ ಬಿಳಿ ಅಂಟು ಕುಂಚದಿಂದ ಹಚ್ಚಿ, ಒಣಗಿದ ಮ್ಯಾಲ ಕತ್ತರಿ ಹಾಕ್ರಿ.

ಕಸೂತಿ ಬರದಿದ್ರ ಇಳಕಲ್ ಸೀರಿ ಸೆರಗಿನ ತುಣುಕು, ಇಲ್ಲಾ ಗುಳೇದಗುಡ್ಡದ ಖಣ, ಅಂದ್ರ ಕುಬಸದ ಬಟ್ಟಿ. 7 ಸೆಂ.ಮೀ. ಗುಂಡು ಎರಡು, ಒಳಮಗ್ಗಲಾ ಹೊರಗ ಮಾಡಿ 5 ಮಿ.ಮೀ. ಬಿಟ್ಟು ಹೊಲದು, 3 ಸೆಂ.ಮೀ. ಬಾಯಿ ಬಿಟ್ಟು, ಅಂಚಿಗೆ ಸಣ್ಣ ಸಣ್ಣ ಕಚ್ಚು ಹಾಕಿ ತಿರುವಿದ್ರ ಗುಂಡು ನೆಟ್ಟಗ ಕೂಡ್ತದ. ಕಚ್ಚು ಹಾಕದಿದ್ರ ಮೂಲಿ ಮೂಲಿ ಎದ್ದು ಕಾಣ್ತದ. ಹತ್ತಿ ತುಂಬುವಾಗ ಒತ್ತಿ ತುಂಬಬ್ಯಾಡ್ರಿ.

ಗುಳೇದಗುಡ್ಡ:
ಖಣಕ್ಕ ಕತ್ತರಿ ಹಾಕ್ರಿ ಅಂತ ಇಷ್ಟು ಸಲೀಸ ಹೇಳಬ್ಯಾಡ್ರಿ. ಕೈಮಗ್ಗದ ಖಣ ಒಂದೊಂದು ಬುಟ್ಟಾ ನೇದು ಬರೂದು. ಕುಬಸ ಹೊಲದ ದರ್ಜಿ ಹತ್ರ ಕಂಕುಳ ಕೊರದ ತುಣುಕು ಸಿಗ್ತಾವ, ಅದಷ್ಟೇ ತಗೋರಿ. ಬುಟ್ಟಾ ಗುಂಡಿನ ನಟ್ಟನಡುವ ಬರೂ ಹಂಗ ರಟ್ಟಿನಾಗ ಕಿಂಡಿ ಕೊರದು, ಅದನ್ನ ಮ್ಯಾಲ ಇಟ್ಟು ಗೆರಿ ಹಾಕ್ರಿ.

ಇಳಕಲ್ಲ:
ತುಣುಕು ಅಂತನೇ ಹೇಳೇನಿ, ಮತ್ತೊಮ್ಮೆ ಓದ್ರಿ.

ಗುಳೇದಗುಡ್ಡ:
ಸೀರಿಗೆ ತುಣುಕು ಅಂತ ಬರದೀರಿ, ಖಣಕ್ಕ ಬರದಿಲ್ಲ. ಜನ ಹೊಸಾದು ತಂದು ಕೊರೀತಾರ. ಆಮ್ಯಾಲ ಯಂತ್ರದ ಮಗ್ಗದ ಅಗ್ಗದ ಬಟ್ಟಿನೇ ಖಣ ಅಂತ ಮಾರೂರಿಗೆ ಅದೇ ದಾರಿ ಆಗ್ತದ.

ಇಂಡಿ, ವಿಜಯಪುರ ಜಿಲ್ಲೆ:
ಬಟ್ಟಿ ಜಗಳ ಸಾಕ್ರಿ. ನಮ್ಮ ಕಡೆ ಲಿಂಬಿಹಣ್ಣು ಹೇರಳ ಅದ. 5 ಮಿ.ಮೀ. ಬಿಲ್ಲಿ ಕೊರದು, ಅರಿವಿ ಮ್ಯಾಲ ಒತ್ತಿ ರಸ ತಗದು, ಬೀಜಾ ಕಿತ್ತು, ಜಾಳಗಿ ಮ್ಯಾಲ ಒಣಗಿಸ್ರಿ. ದ್ರಾಕ್ಷಿ ಒಣಗಿಸೂ ಶೆಡ್ಡಿನ ಪದ್ಧತೀನೇ: ನೆರಳು, ಅಡ್ಡ ಗಾಳಿ, ಮ್ಯಾಲ ಕೆಳಗ ಎರಡೂ ಕಡೆ ತೆರವು. ವಿಜಯಪುರ ಕಡೆ ಡಿಸೆಂಬರದ ಒಣ ಗಾಳಿಗೆ 5–6 ದಿನ, ರಾತ್ರಿ ಒಳಗ. ಓವನ್ ಇದ್ದವರು 95 ಡಿಗ್ರಿಗೆ 3–4 ತಾಸು ಇಡ್ರಿ. 120 ದಾಟಿದ್ರ ಸಕ್ಕರಿ ಅಂಶ ಸುಟ್ಟು ಕರ್ರಗಾಗಿ ಬೆಳಕು ಹಾಯೂದಿಲ್ಲ. ಬೆಳಕು ಹಾಯದಿದ್ರ ಮಾಡಿ ಉಪಯೋಗ ಇಲ್ಲ. ದೀಪದ ಸರದ ಮುಂದ ತೂಗಿದಾಗ ಎಸಳು ಎಸಳು ಕಾಣೂದೇ ಇದರ ಚೆಲುವು.

ಲಿಂಬಿ ಒಣಗಿದ್ರ ಹಸಿರು ಉಳಿಯೂದಿಲ್ಲ, ಕಂದು ಹಳದಿ ಆಗ್ತದ. ಬಣ್ಣ ಬೇಕಂದ್ರ ಕಿತ್ತಳಿ ಕೂಡಿಸ್ರಿ, ಅದಕ್ಕ ಸಕ್ಕರಿ ಹೆಚ್ಚು, ಇರಿವಿ ಬರ್ತಾವ, ಗಿಡದ ಕುಂಡದ ಕೆಳಗ ನೀರಿನ ತಾಟು ಇಡ್ರಿ. ದಾರ ಸಿಪ್ಪಿಯ ಒಳಗಿನ ಬಿಳಿ ಪದರದಾಗ ಹಾಯಿಸಬೇಕು. ಎಸಳಿನಾಗ ಹಾಯಿಸಿದ್ರ ಎರಡು ದಿನಕ್ಕ ಹರದು ಕೆಳಗ ಬೀಳ್ತದ, ನಂದು 35ರಾಗ 20 ಹಂಗ ಬಿದ್ವು.

ಬೈಲಹೊಂಗಲ:
ಜರ್ಮನಿ, ಸ್ವೀಡನ್ ಕಡೆ ಹುಲ್ಲಿನ ನಕ್ಷತ್ರ ಹಳೇ ಪದ್ಧತಿ. ಬಣ್ಣ ಇಲ್ಲ, ತೂಕ ಇಲ್ಲದಷ್ಟು ಹಗುರ. ನಮ್ಮ ಗೋಧಿ ದಂಟು ಅದಕ್ಕ ಹೇಳಿ ಮಾಡಿಸಿದಂಗ ಅದ. ಜೋಳದ ದಂಟು ಬ್ಯಾಡ, ಒಳಗ ಬೆಂಡು ತುಂಬಿರ್ತದ. ಗೋಧಿ ಪೊಳ್ಳು. ಆದ್ರ ಮಷೀನಿನಾಗ ಬಡಿದ ಹುಲ್ಲು ಹಿಚುಕಿ ಸೀಳಿರ್ತದ, ಕುಡಗೋಲಿನಿಂದ ಕೊಯ್ದದ್ದೇ ಬೇಕು. ಸುಗ್ಗ್ಯಾಗ ಒಂದು ಕಟ್ಟು ತಗದು ಇಟ್ಟಿರಬೇಕು.

ಗಿಣ್ಣು ಬಿಟ್ಟು 10 ಸೆಂ.ಮೀ. ತುಂಡು, ಉಗುರುಬೆಚ್ಚಗಿನ ನೀರಿನಾಗ ಅರ್ಧ ತಾಸು. ಉದ್ದಕ್ಕ ಸೀಳಿ, ಒಳಮಗ್ಗಲಾ ಮ್ಯಾಲ ಮಾಡಿ ಇಸ್ತ್ರಿ ಹಾಕಿದ್ರ ಪಟ್ಟಿ ಆಗ್ತದ. ಎರಡು ಅಡ್ಡ ಕೂಡಿಸಿದ್ರ ಕೂಡಿಸೂ ಗುರುತು (+), ಅಂಥಾವು ಎರಡು ಒಂದರ ಮ್ಯಾಲ ಒಂದು ಓರಿ ಇಟ್ಟರ 8 ಮೂಲಿ. ಬೆರಳಿನಿಂದ ನಟ್ಟನಡುವ ಒತ್ತಿ ಹಿಡದು, ದಾರ ಮ್ಯಾಲಿನ ಪಟ್ಟಿ ಮ್ಯಾಲಿಂದ, ಕೆಳಗಿನ ಪಟ್ಟಿ ಕೆಳಗಿಂದ, ಒಂದು ಸುತ್ತು ತಂದು ಹಿಂದ ಬಿಗಿ ಗಂಟು. ಈ ಕ್ರಮ ತಪ್ಪಿದ್ರ ಕಡ್ಡಿ ಜಾರಿ ನಕ್ಷತ್ರ ಕತ್ತರಿಯಂಗ ಮುಚ್ಚಿಕೊಳ್ತದ. ತುದಿ ಕತ್ತರಿಸೂದು ಪೂರ್ತಿ ಒಣಗಿದ ಮ್ಯಾಲ. ಖರ್ಚು ದಾರದ್ದಷ್ಟೇ.

ನವನಗರ, ಬಾಗಲಕೋಟೆ:
ಡಿಸೆಂಬರದಾಗ ಸುಗ್ಗಿ ಹುಲ್ಲು ಎಲ್ಲಿಂದ ತರಬೇಕ್ರಿ ಅವರು? ಗೋಧಿ ಇನ್ನೂ ಹೊಲದಾಗ ಹಸಿರದ.

ಬೈಲಹೊಂಗಲ:
ಬಣವಿ ಇದ್ದ ಮನಿಗೆ ಹೋಗಿ ಕೇಳ್ರಿ. ಹೊರಗಿಂದು ಮಳಿಗೆ ಕರ್ರಗ ಆಗಿರ್ತದ, ಒಳಗಿಂದು ಬಂಗಾರದಂಗ ಇರ್ತದ.

ಖಾನಾಪುರ:
ಎಲ್ಲಾರೂ ನಕ್ಷತ್ರದ್ದೇ ಹೇಳೀರಿ, ಕೊಕ್ಕಿ ಬಗ್ಗೆ ಒಂದು ಮಾತಿಲ್ಲ. ಅರ್ಧ ಸಾಮಾನು ಬಿದ್ದು ಒಡಿಯೂದು ಅಲ್ಲೇ. ನಮ್ಮೂರ ಮಣ್ಣಿನ ಬಿಲ್ಲಿ ಸುಟ್ಟು ತೂಗಹಾಕೂದ್ರಾಗ ಕಲತದ್ದು: ತೂತು ಅಂಚಿನಿಂದ ಕಡಿಮಿ ಅಂದ್ರ 8 ಮಿ.ಮೀ. ಒಳಗ, 4 ಮಿ.ಮೀ. ಅಗಲ. ಹಸೀ ಮಣ್ಣಾಗಲಿ ಹಿಟ್ಟಾಗಲಿ ಒಣಗುವಾಗ ಕುಗ್ಗತದ, ತೂತೂ ಕುಗ್ಗತದ. ಒಣಗಿದ ಮ್ಯಾಲ ಸೂಜಿ ಹಾಕಿ ದೊಡ್ಡದು ಮಾಡಾಕ ಹೋದ್ರ ಸೀಳೇ ಸೀಳ್ತದ. ನೈಲಾನ್ ದಾರದ ಸಾದಾ ಗಂಟು ಜಾರ್ತದ, ಎರಡು ಸುತ್ತು ಹಾಕಿದ ಗಂಟು ಬೇಕು. ಹತ್ತಿ ದಾರ ಜಾರೂದಿಲ್ಲ. ಬರೇ ದಾರದ ಕುಣಿಕಿ ಸೈಪ್ರಸ್‌ನ ಮೇಲ್ಮುಖ ಟೊಂಗಿಯಿಂದ ಕಾಂಡದ ಕಡೆ ಜಾರಿ ಎಲಿಯೊಳಗ ಹೊಕ್ಕೊಳ್ತದ. ಹಿತ್ತಾಳಿ ಇಲ್ಲಾ ಅಲ್ಯೂಮಿನಿಯಂ ತಂತಿ 1 ಮಿ.ಮೀ., 6 ಸೆಂ.ಮೀ. ತುಂಡು, ಮ್ಯಾಲಿನ ಕೊಕ್ಕಿ ಟೊಂಗಿಗೆ ಹಿಚುಕಿ ಬಿಗಿ ಮಾಡ್ರಿ, ಕೆಳಗಿಂದು ಸಡಿಲ ಇರಲಿ.

ಶಹಾಪುರ, ಬೆಳಗಾವಿ:
ಮಣ್ಣಿನ ಬಿಲ್ಲಿ ಸೈಪ್ರಸ್‌ಗೆ? ಉಪ್ಪುಹಿಟ್ಟಿಗೇ ತೂಕ ಅಂತ ಬೈಸಿಕೊಂಡೇನಿ ನಾನು.

ಖಾನಾಪುರ:
3 ಮಿ.ಮೀ. ದಪ್ಪ ಲಟ್ಟಿಸಿದ್ದು, 4 ಸೆಂ.ಮೀ. ಅಗಲ. ಸುಟ್ಟ ಮ್ಯಾಲ 10 ಗ್ರಾಮಿನೊಳಗ. ತೂಗಿ ಮಾತಾಡ್ರಿ.

ಟಿಳಕವಾಡಿ, ಬೆಳಗಾವಿ:
ಎಲ್ಲಾರದೂ ಓದೇನಿ. ನನ್ನ 18 ಮೆತ್ತನ ನಕ್ಷತ್ರ ಚೆಲ್ಲಬೇಕೋ, ಉಳಿಸಬೇಕೋ?

ಶಹಾಪುರ, ಬೆಳಗಾವಿ:
ಚೆಲ್ಲಬ್ಯಾಡ್ರಿ. ಬೂಷ್ಟು ಹಿಡದಿದ್ರಷ್ಟೇ ತಗದು ಹಾಕ್ರಿ. ಪುಡಿ ಎದ್ದ ಬಣ್ಣ ಸ್ಯಾಂಡ್‌ಪೇಪರಿನಿಂದ ತಿಕ್ಕಿ ತಗೀರಿ, ನೀರು ಮುಟ್ಟಿಸಬ್ಯಾಡ್ರಿ. ಅದು ಬಣ್ಣದ ತಪ್ಪಲ್ಲ. ಒಳಗಿನ ನೀರು ಹೊರಗ ಬರುವಾಗ ಉಪ್ಪು ಹೊತ್ತು ತಂದದ. ದಪ್ಪ ಕಡಾಯಿ ತಳಕ್ಕ 2 ಸೆಂ.ಮೀ. ಉಸುಕು, ಮ್ಯಾಲ ಇಡ್ಲಿ ಸ್ಟ್ಯಾಂಡ್, ಅದರ ಮ್ಯಾಲ ತಾಟು, ತಾಟಿನಾಗ ಒಂದೇ ಪದರ. ಮುಚ್ಚಳಾ ಒಂದು ಬೆರಳು ತೆರದಿರಲಿ, ಹಬಿ ಹೋಗಬೇಕು. ಎಲ್ಲಕ್ಕಿಂತ ಸಣ್ಣ ಉರಿ. ನಿಮ್ಮ 1 ಸೆಂ.ಮೀ. ದಪ್ಪಕ್ಕ 6 ತಾಸು ಹಿಡೀತದ, ಎರಡು ದಿನಕ್ಕ ಹಂಚಿ ಮಾಡ್ರಿ. ಕಂದು ಆಗಾಕತ್ತಿದ್ರ ಉರಿ ಹೆಚ್ಚಾಗೇದ ಅಂತ.

ತೂಕ ನಿಂತ ಮ್ಯಾಲ, ಆರಿದ ತಾಸಿನೊಳಗ ವಾರ್ನಿಶ್ ಹಚ್ಚಬೇಕು. ರಾತ್ರಿ ಇಟ್ಟರ ಮತ್ತ ನೀರು ಕುಡೀತಾವ. ಎರಡೂ ಮಗ್ಗಲಾ, ಅಂಚು, ತೂತಿನ ಒಳಗ ಬೆಂಕಿಕಡ್ಡಿಯಿಂದ. ಒಣಗಿದ ಮ್ಯಾಲ ಅಕ್ರಿಲಿಕ್ ಬಣ್ಣ, ಅದರ ಮ್ಯಾಲ ಇನ್ನೊಂದು ವಾರ್ನಿಶ್. ಈ 18 ತೂಕದವು, ಕೆಳಗಿನ ದಪ್ಪ ಟೊಂಗಿಗೆ, ಕಾಂಡಕ್ಕ ಹತ್ರ ತೂಗಹಾಕ್ರಿ. ಮನ್ಯಾಗ ನಾಯಿ ಇದ್ರ ಕೆಳಗ ಹಾಕಬ್ಯಾಡ್ರಿ, ಇಷ್ಟು ಉಪ್ಪು ತಿಂದ್ರ ನಾಯಿ ಜೀವಕ್ಕ ಕುತ್ತು. ಉಳಿದ 22 ತುದಿಗೆ ಅರಿವಿದು ಮಾಡ್ರಿ, ಆ ಇಳಕಲ್ಲದವರು ಹೇಳಿದ್ದು ತೂಕದ ಮಟ್ಟಿಗೆ ಖರೆ ಅದ.

ನವನಗರ, ಬಾಗಲಕೋಟೆ:
22 ಕಾರ್ನ್‌ಫ್ಲೋರಿನಾಗ ಒಂದೇ ಖೇಪಿಗೆ ಆಗ್ತಾವ. 4 ಸೆಂ.ಮೀ. ಮಾಡಿದ್ರ ತುದಿಗೂ ನಡೀತಾವ.

ಇಳಕಲ್ಲ:
ದರ್ಜಿ ಹತ್ರ ತುಣುಕು ಕೇಳಾಕ ಹೋಗುವಾಗ ಬಣ್ಣ ಬಿಡ್ತದೇನು ನೋಡಿ ತಗೋರಿ. ಹಸೀ ಬಿಳಿ ಅರಿವಿಯಿಂದ ಒರಸಿ ನೋಡ್ರಿ, ಕೆಂಪು ಹತ್ತಿದ್ರ ಬಿಳಿ ಹತ್ತಿ ತುಂಬಿದ ಮ್ಯಾಲ ಹೊಲಿಗಿಯಾಗಿಂದ ಗುಲಾಬಿ ಇಣುಕತದ.