ಗಾರ್ಡ್ ಇದ್ದಷ್ಟು ಕಾಲು ಚಾಚು

ನಮ್ಮ ಕೊಟ್ರೇಶಿಗೆ ಕಾಲು ಚಾಚುವ ಆಸೆ ಬಂದಿದೆ. ಮನೆಯಲ್ಲಲ್ಲ, ಮೀಟಿಯರ್ 350 ಬೈಕಿನ ಮೇಲೆ. ದಾವಣಗೆರೆಯಿಂದ ಬೆಂಗಳೂರು ಮುಟ್ಟುವಷ್ಟರಲ್ಲಿ ಮೊಣಕಾಲು ಹಿಡಿದುಕೊಂಡು ಬಿಡುತ್ತೆ ಅಂತ ಅವನ ದೂರು. ಅದಕ್ಕೆ ಲೆಗ್ ಗಾರ್ಡಿಗೆ, ಅಂದರೆ ಗಾಡಿ ಮುಂದಿನ ಕಬ್ಬಿಣದ ಪೈಪಿಗೆ ಹಾಕಿ ಕಾಲು ಮುಂದೆ ಚಾಚಿ ಇಡುವ ಹೈವೇ ಫುಟ್‌ಪೆಗ್ ಒಂದು ಜೊತೆ ಆನ್‌ಲೈನಲ್ಲಿ ತರಿಸಿದ. ತರಿಸಿದ್ದು ಅವನೊಬ್ಬನೇ, ಕೂರಿಸೋಕೆ ಮಾತ್ರ ಕರೆಯದೇನೇ ಎಲ್ಲರೂ ಬಂದೆವು. ಭಾನುವಾರ ಸಂಜೆ ನಾಲ್ಕು ಗಂಟೆ, ಪಿ.ಬಿ. ರೋಡ್ ಹಿಂದಿನ ಓಣಿಯಲ್ಲಿ ರಫೀಕಣ್ಣನ ಗ್ಯಾರೇಜು, ಪೇಪರಿನ ಮೇಲೆ ನರ್ಗಿಸ್ ಮಂಡಕ್ಕಿ, ಪಕ್ಕದಲ್ಲಿ ಬಿಸಿ ಮಿರ್ಚಿ. ಒಂದು ಬೈಕಿಗೆ ಐದು ಜನ ಇಂಜಿನಿಯರು. ನಿಜವಾಗಿ ಡಿಗ್ರಿ ಇರೋದು ಮಂಜನಿಗೊಬ್ಬನಿಗೇ, ಅದೂ ಸಿವಿಲ್ಲು.

ಮೊದಲು ಬಾಯಿ ತೆಗೆದದ್ದು ಬಸಣ್ಣ. ನಮಗೆಲ್ಲ ಹಿರಿಯ, ಹಳೇ ಬುಲೆಟ್ ಓಡಿಸಿದವನು, ಆ ಗಾಡಿಯಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ ಇದ್ದದ್ದನ್ನು ಸಿಕ್ಕವರಿಗೆಲ್ಲ ಹೇಳದೆ ಬಿಡುವವನಲ್ಲ. "ಇದಕ್ಕೂ ದುಡ್ಡು ಕೊಟ್ಟೇನಲೇ? ನಾವು ಗಾರ್ಡ್ ಪೈಪಿನ ಮೇಲೇ ಕಾಲಿಟ್ಟು ಹೊಸಪೇಟೆ ತನಕ ಹೋಗಿದ್ವಿ, ಅದೂ ಹವಾಯಿ ಚಪ್ಪಲಿಯಲ್ಲಿ."

"ಚಪ್ಪಲಿ ವಾಪಸ್ ಬಂತಾ ಅಣ್ಣ?" ಅಂದ ತಿಪ್ಪೇಶಿ.

ಬಸಣ್ಣ ಮಿರ್ಚಿ ಕಚ್ಚಿದ, ಉತ್ತರ ಬರಲಿಲ್ಲ. ಗಾರ್ಡ್ ಪೈಪು ದುಂಡಗೆ, ನುಣ್ಣಗೆ ಇರುತ್ತೆ. ಅದರ ಮೇಲಿಟ್ಟ ಕಾಲು ಜಾರಿದರೆ ಸೀದಾ ರೋಡಿಗೆ ಬಡಿದು ಹಿಂದಕ್ಕೆ ಎಳ್ಕೊಂಡು ಹೋಗುತ್ತೆ. ಪೆಗ್ಗಿಗೆ ರಬ್ಬರ್ ಇದೆ, ಹಿಡಿತ ಇದೆ, ಹಿಮ್ಮಡಿ ಒಂದು ಕಡೆ ನಿಲ್ಲುತ್ತೆ. ದುಡ್ಡು ಹೋಗೋದು ಅದಕ್ಕೇ.

ಡಬ್ಬಿ ಬಿಚ್ಚಿದೆವು. ಎರಡು ಕ್ಲ್ಯಾಂಪು, ಎರಡು ಪೆಗ್ಗು, ಅಲನ್ ಬೋಲ್ಟು, ಒಂದು ಅಲನ್ ಕೀ. ಕ್ಲ್ಯಾಂಪನ್ನ ಗಾರ್ಡಿಗೆ ಹಿಡಿದರೆ ಲೊಡಲೊಡ ಅಂತ ತಿರುಗಿತು. ಕೊಟ್ರೇಶಿ ಮುಖ ಸಣ್ಣಗಾಯಿತು. ಮಂಜನಿಗೆ ಮಾತ್ರ ಜೀವ ಬಂತು. ಮಂಡಕ್ಕಿ ಕಟ್ಟಿಸಿಕೊಂಡು ಬಂದ ದಾರವನ್ನೇ ಪೈಪಿಗೆ ಒಂದು ಸುತ್ತು ಸುತ್ತಿ, ಉಗುರಲ್ಲಿ ಗುರುತು ಹಾಕಿ, ಸ್ಕೇಲಿಗೆ ಹಿಡಿದ. ಎಂಟು ಸೆಂಟಿಮೀಟರ್. "3.14ರಿಂದ ಭಾಗಿಸು. ಇಪ್ಪತ್ತೈದು ಮಿಲಿಮೀಟರ್ ಚಿಲ್ಲರೆ, ಅಂದರೆ ಒಂದಿಂಚಿನ ಪೈಪು. ನೀನು ತರಿಸಿರೋ ಕ್ಲ್ಯಾಂಪು ಒಂದೂಕಾಲು ಇಂಚಿಂದು, ಮೂವತ್ತೆರಡು ಮಿಲಿಮೀಟರ್." ಇಷ್ಟೆಲ್ಲ ಮುಗಿಯೋ ತನಕ ಸುಮ್ಮನಿದ್ದ ರಫೀಕಣ್ಣ ಆಮೇಲೆ ಡ್ರಾಯರಿನಿಂದ ವರ್ನಿಯರ್ ತೆಗೆದು, ಪೈಪಿಗೆ ಹಿಡಿದು, "ಹೌದು, ಇಪ್ಪತ್ತೈದೂವರೆ" ಅಂದ.

"ಮೊದಲೇ ಕೊಡಬಾರದಿತ್ತಾ ಅಣ್ಣ?"

"ನೀವು ಕೇಳಲಿಲ್ಲ."

ಈಗ ಸಂದು ಮುಚ್ಚಬೇಕಲ್ಲ, ಸೈಕಲ್ ಟ್ಯೂಬ್ ಕತ್ತರಿಸಿ ನಾಲ್ಕು ಸುತ್ತು ಹಾಕೋಣ ಅಂತ ಬಸಣ್ಣನ ಸಲಹೆ. ನಮ್ಮ ಜಿಲ್ಲೆಯಲ್ಲಿ ಸೈಕಲ್ ಟ್ಯೂಬಿನಿಂದ ವಾಸಿಯಾಗದ ರೋಗ ಇಲ್ಲ ಅಂತ ನಾನೂ ನಂಬಿದವನೇ, ಆದರೆ ಇಲ್ಲಿ ಅದು ನಡೆಯಲ್ಲ. ಒಂದು ಪದರ ತೆಳು ರಬ್ಬರ್ ಇದ್ದರೆ ಒಳ್ಳೇದು, ಪೈಪಿನ ಬಣ್ಣ ಕೆಡಲ್ಲ, ಹಿಡಿತನೂ ಸಿಗುತ್ತೆ. ಸುತ್ತು ಜಾಸ್ತಿಯಾದರೆ ಕಾಲಿನ ಭಾರಕ್ಕೆ ರಬ್ಬರ್ ಅಪ್ಪಚ್ಚಿಯಾಗಿ, ಹರಿಹರ ದಾಟೋದರೊಳಗೆ ಪೆಗ್ಗು ತಲೆ ಕೆಳಗೆ ಹಾಕುತ್ತೆ. ರಫೀಕಣ್ಣ ಹಳೇ ಸಾಮಾನಿನ ಡಬ್ಬಿ ಕೆದಕಿ ಒಂದಿಂಚಿನ ಕ್ಲ್ಯಾಂಪು ಒಂದು ಜೊತೆ ತೆಗೆದ. ಯಾರದ್ದೋ ಗಾಡಿಯದ್ದು. ಯಾರದ್ದು ಅಂತ ನಾವು ಕೇಳಲಿಲ್ಲ.

ಇನ್ನು ಪೆಗ್ಗು. ಮಂಜ ಅದನ್ನ ತಲೆಕೆಳಗಾಗಿ ಹಿಡಿದು ಜೋಡಿಸೋಕೆ ಹೊರಟಿದ್ದ. ರಫೀಕಣ್ಣ ಕೈ ಹಿಡಿದು ನಿಲ್ಲಿಸಿದ. ಪೆಗ್ಗಿನ ಬುಡದಲ್ಲಿ ಒಂದು ಕೀಲು ಇರುತ್ತೆ, ಅಲ್ಲಿಂದ ಅದು ಮೇಲಕ್ಕೆ, ಹಿಂದಕ್ಕೆ ಮಡಚಬೇಕು. ತಿರುವಲ್ಲಿ ಗಾಡಿ ವಾಲಿ ಪೆಗ್ಗು ನೆಲಕ್ಕೆ ತಾಗಿದರೆ ಅದು ಮಡಚಿಕೊಂಡು ದಾರಿ ಬಿಡುತ್ತೆ. ಉಲ್ಟಾ ಹಾಕಿದರೆ ಮಡಚಲ್ಲ, ನೆಲಕ್ಕೆ ಕಚ್ಚಿಕೊಳ್ಳುತ್ತೆ, ಗಾಡಿ ಎತ್ತಿ ಬಿಸಾಕುತ್ತೆ. ರಫೀಕಣ್ಣ ಅಂಗೈಯಿಂದ ಕೆಳಗಿನಿಂದ ಒಂದು ಏಟು ಕೊಟ್ಟು ತೋರಿಸಿದ, ಪೆಗ್ಗು ಟಪ್ ಅಂತ ಮೇಲೆ ಹೋಯಿತು. ಇದೊಂದು ಗೊತ್ತಿಲ್ಲದೆ ಹಾಕಿಸಿಕೊಂಡು ಓಡಾಡೋರನ್ನ ನೋಡಿದ್ದೀನಿ, ಭಯ ಆಗುತ್ತೆ.

ಜಗಳ ಶುರುವಾಗಿದ್ದು ಎತ್ತರದ ವಿಷಯಕ್ಕೆ.

ತಿಪ್ಪೇಶಿ ದುರ್ಗದವನು, ಆರಡಿ. ಕೊಟ್ರೇಶಿ ಐದಡಿ ಮೂರಿಂಚು, ಸೀಟು 765 ಮಿಲಿಮೀಟರೇ ಅಂತ ಖಾತ್ರಿ ಮಾಡಿಕೊಂಡು ಈ ಗಾಡಿ ತಗೊಂಡವನು. ಆದರೆ ಮೊದಲು ಹತ್ತಿ ಕೂತದ್ದು ತಿಪ್ಪೇಶಿ. ಪಂಚಾಯ್ತಿ ಕಟ್ಟೆ ಮೇಲೆ ಕೂತ ಗೌಡರ ಥರ ಕಾಲು ಚಾಚಿ, "ಇಲ್ಲಿಗೆ ಹಾಕಿ, ಮೇಲೆ ಇನ್ನೊಂಚೂರು, ಆಹಾ" ಅಂದ. ಸೀಮೆಸುಣ್ಣದಲ್ಲಿ ಗುರುತು ಬಿತ್ತು. ಆಮೇಲೆ ಮಂಜ ಕೂತ, ಇನ್ನೊಂದು ಗುರುತು. ಬಸಣ್ಣ ಕೂತ, ಗುರುತು ಹಾಕಿಸಿದ, ಇಳಿಯೋಕೆ ಇಬ್ಬರು ಕೈ ಕೊಡಬೇಕಾಯಿತು. ಗಾರ್ಡಿನ ತುಂಬಾ ಬಿಳಿ ಗೆರೆ.

"ಲೇ, ಗಾಡಿ ನಂದು" ಅಂದ ಕೊಟ್ರೇಶಿ.

"ನಿನ್ನ ಕಾಲಿಗೆ ಹಾಕಿದರೆ ನಮಗೆ ಆಗಲ್ಲಲ್ಲೋ. 1997ರ ಆಗಸ್ಟ್ 15ಕ್ಕೆ ನಮ್ಮ ದುರ್ಗದಿಂದ ಜಿಲ್ಲೆ ಬೇರೆ ಮಾಡ್ಕೊಂಡ್ರಿ, ಈಗ ಅಳತೆನೂ ಬೇರೆನಾ?" ಇದು ತಿಪ್ಪೇಶಿ.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದಿದ್ದಾರೆ ಹಿರಿಯರು. ಕಾಲು ಇದ್ದಷ್ಟೇ ಪೆಗ್ಗು ಹಾಕಿಸ್ಕೋತೀನಿ, ಇಳಿ ನೀನು."

ಸೈಡ್ ಸ್ಟ್ಯಾಂಡ್ ಮೇಲೆ ಅಳತೆ ತೆಗೆಯಬಾರದು, ಗಾಡಿ ಎಡಕ್ಕೆ ವಾಲಿರುತ್ತೆ, ಎರಡು ಕಾಲಿಗೆ ಎರಡು ಲೆಕ್ಕ ಬರುತ್ತೆ. ಸೆಂಟರ್ ಸ್ಟ್ಯಾಂಡ್ ಹಾಕಿದೆವು. ಕೊಟ್ರೇಶಿ ಚಪ್ಪಲಿಯಲ್ಲಿ ಹತ್ತಿದ್ದ, ರಫೀಕಣ್ಣ ಇಳಿಸಿ, ಬೂಟು ಹಾಕ್ಕೊಂಡು ಬಾ ಅಂತ ಮನೆಗೆ ಕಳಿಸಿದ. ಲಾಂಗ್ ಹೋಗುವಾಗ ಯಾವ ಬೂಟು ಹಾಕ್ತೀವೋ ಅದರಲ್ಲೇ ಅಳೀಬೇಕು, ಅಡಿಯ ದಪ್ಪದಲ್ಲೇ ಮೊಣಕಾಲಿನ ಕೋನ ಬದಲಾಗುತ್ತೆ. ಆಮೇಲೆ ಕಣ್ಣು ಮುಚ್ಚು ಅಂದ. ಕೊಟ್ರೇಶಿ ಕಣ್ಣು ಮುಚ್ಚಿ, ಕೆಳಗಿನ ಪೆಗ್ಗಿನಿಂದ ಕಾಲೆತ್ತಿ ತಾನಾಗೇ ಎಲ್ಲಿ ಹೋಗುತ್ತೋ ಅಲ್ಲಿ ಬಿಟ್ಟ. ಆ ಜಾಗಕ್ಕೆ ಗುರುತು, ಬೇರೆ ಗೆರೆಯೆಲ್ಲ ಬಟ್ಟೆಯಲ್ಲಿ ಒರೆಸಿ ಹಾಕಿದ. ಮೊಣಕಾಲು ಸ್ವಲ್ಪ ಮಡಚಿಯೇ ಇರಬೇಕು, ಪೂರ್ತಿ ನೆಟ್ಟಗಾದರೆ ಗುಂಡಿ ಬಂದಾಗ ಏಟು ಸೊಂಟಕ್ಕೇ. ತೀರಾ ಮೇಲಿಟ್ಟರೆ ತೊಡೆ ಸೀಟು ಬಿಡುತ್ತೆ, ಮೈಭಾರವೆಲ್ಲ ಬೆನ್ನ ಕೆಳಗಿನ ಮೂಳೆ ಮೇಲೆ. ತೀರಾ ಕೆಳಗಿಟ್ಟರೆ ಗೇರ್ ಹಾಕುವಾಗ ಬೂಟಿನ ಮೂತಿ ಪೆಗ್ಗಿಗೆ ಬಡಿಯುತ್ತೆ. ಬಲಗಡೆ ಸೈಲೆನ್ಸರ್ ಪೈಪಿಗೆ ಹತ್ತಿರ ಆದರೆ ಬೂಟಿನ ಅಡಿ ವಾಸನೆ ಹೊಡೆಯೋಕೆ ಶುರು. ಎರಡು ಕಡೆ ಸಮ ಇದೆಯಾ ಅಂತ ಮುಂದೆ ನಿಂತು ನೋಡಿದ ಮಂಜ, ಒಂದು ಕಣ್ಣು ಮುಚ್ಚಿ, ಕಟ್ಟಡ ನೋಡುವ ಹಾಗೆ.

ಬೋಲ್ಟು ಒಂದನ್ನೇ ಪೂರ್ತಿ ಬಿಗಿಯಬಾರದು, ಅದನ್ನಿಷ್ಟು ಇದನ್ನಿಷ್ಟು, ಕ್ಲ್ಯಾಂಪಿನ ಎರಡು ಕಡೆ ಸಂದು ಒಂದೇ ಸಮ ಇರೋ ಹಾಗೆ. ಲಾಕ್‌ಟೈಟ್, ಅದೇ ಬೋಲ್ಟು ಸಡಿಲ ಆಗದ ಹಾಗೆ ಹಿಡಿಯೋ ಅಂಟು, ಈಗಲೇ ಹಾಕಿಬಿಡೋಣ ಅಂದ ಕೊಟ್ರೇಶಿ. ಬೇಡ, ಒಂದು ರೌಂಡ್ ಹೋಗಿ ಬಾ, ಕಾಲು ಒಪ್ಪಿದ ಮೇಲೆ ಹಾಕೋಣ, ಅದೂ ನೀಲಿದು, ಕೆಂಪುದು ಹಾಕಿದರೆ ಬಿಚ್ಚೋಕೆ ಬೋಲ್ಟು ಕಾಯಿಸಬೇಕಾಗುತ್ತೆ ಅಂತ ರಫೀಕಣ್ಣ ಸೀಸೆ ಒಳಗಿಟ್ಟ.

ಹೊರಡೋ ಮುಂಚೆ ಒಂದು ಪರೀಕ್ಷೆ. ಕೊಟ್ರೇಶಿ ಸ್ಟ್ಯಾಂಡ್ ಮೇಲೇ ಕಾಲು ಮೇಲಿಟ್ಟು ಕೂತ. ಹಿಂದಿನಿಂದ ಬಸಣ್ಣ ಇದ್ದಕ್ಕಿದ್ದಂತೆ "ಎಮ್ಮೇ!" ಅಂತ ಕೂಗಿದ. ಕೊಟ್ರೇಶಿ ಬಲಗಾಲು ಕೆಳಗಿಳಿದು ಬ್ರೇಕ್ ಪೆಡಲಿನ ಹಿಂದೆ ತಡಕಾಡಿತು, ಮುಂದೆ ತಡಕಾಡಿತು, ಕೊನೆಗೆ ಸಿಕ್ಕಿತು. ಮಂಜನ ಡಿಗ್ರಿ ಆಗ ಕೆಲಸಕ್ಕೆ ಬಂತು. ಗಂಟೆಗೆ 80 ಕಿಲೋಮೀಟರ್ ಅಂದರೆ ಸೆಕೆಂಡಿಗೆ 22 ಮೀಟರ್. "ನಿನ್ನ ಕಾಲು ಬ್ರೇಕು ಹುಡುಕೋದರೊಳಗೆ ಎಮ್ಮೆ ದಾಟಿ, ಅದರ ಮಾಲೀಕ ದಾಟಿ, ನೀನೂ ದಾಟಿರ್ತೀಯ." ನಗಾಡಿದೆವು, ಆದರೆ ಮಾತು ನಿಜ. ಖಾಲಿ ರೋಡು, ನೆಟ್ಟಗಿನ ರೋಡು, ಕಣ್ಣಿಗೆ ಬೀಳುವಷ್ಟು ದೂರ ಏನೂ ಇಲ್ಲ ಅಂದಾಗ ಮಾತ್ರ ಕಾಲು ಮೇಲೆ. ಊರೊಳಗೆ ಬೇಡ, ಮಳೆಯಲ್ಲಿ ಬೇಡ. ದುರ್ಗದ ಕಡೆ ಗಾಳಿಯಲ್ಲಂತೂ ಬೇಡವೇ ಬೇಡ. ಗುಡ್ಡದ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿದ್ದಾರಾ? ಅಡ್ಡಗಾಳಿ ಹೊಡೆದಾಗ ಮೊಣಕಾಲಲ್ಲಿ ಟ್ಯಾಂಕ್ ಅವಚಿ ಹಿಡೀಬೇಕು, ಕಾಲು ಮುಂದಿದ್ದರೆ ಅವಚೋಕೆ ಏನೂ ಇಲ್ಲ.

ಕೊಟ್ರೇಶಿ ಹೆಬ್ಬಾಳು ಟೋಲ್ ತನಕ ಹೋಗಿ ಬಂದ. ಬೈಕಿಗೆ ಟೋಲ್ ಇಲ್ಲ, ಅದೊಂದು ಸಂತೋಷ. ಹೇಗಿತ್ತು ಅಂದರೆ, "ಸ್ವರ್ಗ. ಆದರೆ ಸ್ವಲ್ಪ ಹೊತ್ತು." ಉಳಿದ ಹೊತ್ತೆಲ್ಲ ಹಿಂದಿನ ಲೈಟಿಲ್ಲದ ಮೆಕ್ಕೆಜೋಳದ ಟ್ರ್ಯಾಕ್ಟರು, ಎದುರಿನಿಂದ ರಾಂಗ್ ಸೈಡಲ್ಲಿ ಬರುವ ಟಿವಿಎಸ್, ಸರ್ವೀಸ್ ರೋಡಿನಿಂದ ನುಗ್ಗುವ ಆಟೋ. ಕಾಲು ಮೇಲೆ ಕೆಳಗೆ ಮಾಡಿ ಮಾಡಿ ಮೊಣಕಾಲು ಮೊದಲಿಗಿಂತ ಜಾಸ್ತಿ ನೋವು.

"ನಾನೊಂದು ರೌಂಡ್ ನೋಡ್ತೀನಿ ತಾಳು" ಅಂತ ತಿಪ್ಪೇಶಿ ಕೀ ಕಿತ್ಕೊಂಡ. ಮಿರ್ಚಿ ಇನ್ನೊಂದು ಪ್ಲೇಟ್ ಬಂತು, ಮುಗಿಯಿತು, ಟೀ ಬಂತು. ಆರಡಿಯ ಆಸಾಮಿ ಆರಾಮಾಗಿ ಕಾಲು ಚಾಚಿಕೊಂಡು ಓಣಿಯೊಳಗೆ ಬಂದ. ಪೆಗ್ಗು ಎರಡೂ ನಾಲ್ಕು ಬೆರಳು ಮೇಲೆ ಹೋಗಿವೆ. ಜೇಬಿನಿಂದ ಅಲನ್ ಕೀ ಇಣುಕುತ್ತಿದೆ.

"ಈಗ ನೋಡಪ್ಪ, ಕರೆಕ್ಟಾಗಿದೆ" ಅಂದ.

ಕೊಟ್ರೇಶಿ ಅವನ ಜೊತೆ ಮಾತಾಡಲಿಲ್ಲ. ಅಲನ್ ಕೀ ಕಿತ್ಕೊಂಡು ರಫೀಕಣ್ಣನ ಕಡೆ ತಿರುಗಿದ.

"ಅಣ್ಣ, ಲಾಕ್‌ಟೈಟ್ ಕೊಡಿ. ಕೆಂಪುದೇ ಕೊಡಿ."