ಸಹಾಯ ಬೇಕು: ಮಂಡ್ಯದಲ್ಲಿ ಪಿಯು ವಿದ್ಯಾರ್ಥಿಗಳ ಜತೆ ಚರ್ಚೆ ನಡೆಸಲು ನಾಲ್ವರು

ನಮಸ್ಕಾರ. ಲಿಂಗಾಧಾರಿತ ದೌರ್ಜನ್ಯ ತಡೆಯುವ ಪಾಠ ಹೇಗಿರಬೇಕು ಅಂತ ಮಂಡ್ಯದ ಪಿಯು ವಿದ್ಯಾರ್ಥಿಗಳನ್ನೇ ಕೇಳಬೇಕಿದೆ. ಚರ್ಚೆ ನಡೆಸಲು ಇಬ್ಬರು ಮಹಿಳೆಯರು, ಇಬ್ಬರು ಪುರುಷರು ಬೇಕು. ಆಪ್ತಸಮಾಲೋಚಕರೊಬ್ಬರು ಸಿಕ್ಕರೆ ದೊಡ್ಡ ಉಪಕಾರ.

ಹುಡುಗಿಯರು, ಹುಡುಗರು ಬೇರೆ ಬೇರೆ, ಗುಂಪಿಗೆ 8–10 ಜನ, ಒಂದೂವರೆ ಗಂಟೆ. ಕೊಠಡಿಯಲ್ಲಿ ಉಪನ್ಯಾಸಕರು ಇರಕೂಡದು; ಇದ್ದರೆ ಮಕ್ಕಳು ಪರೀಕ್ಷೆಯ ಉತ್ತರ ಕೊಡ್ತಾರೆ. "ನಿನಗೆ ಹೀಗಾಗಿದೆಯಾ?" ಅಂತ ಯಾರನ್ನೂ ಕೇಳಬೇಡಿ. ಬಸ್ಸಿನಲ್ಲಿ ಮೈಮುಟ್ಟುವುದು, ಫೋಟೊ ಇಟ್ಟುಕೊಂಡು ಬೆದರಿಸುವುದು, ಇಂಥ ಸಂದರ್ಭ ಹೇಳಿ, ಪಕ್ಕದಲ್ಲಿದ್ದವರು ಏನು ಮಾಡಬಹುದಿತ್ತು ಎಂದು ಕೇಳಿ. ಹುಡುಗರನ್ನು ಆರೋಪಿಗಳಂತೆ ಕೂರಿಸಿದರೆ ಬಾಯಿ ಬಿಡುವುದಿಲ್ಲ. ಪ್ರಶ್ನೆ ಪೆಟ್ಟಿಗೆಗೆ ಎಲ್ಲರಿಗೂ ಒಂದೇ ಥರದ ಚೀಟಿ, ಪೆನ್ನು ಕೊಡಿ. ಏನೂ ಬರೆಯದವರೂ ಖಾಲಿ ಚೀಟಿ ಹಾಕಲಿ, ಆಗ ಬರೆದವರು ಯಾರೆಂದು ಗೊತ್ತಾಗದು.

18 ತುಂಬದವರಿಗೆ ಪೋಷಕರ ಸಹಿ ಸಾಲದು, ಅವರದೇ ಒಪ್ಪಿಗೆಯೂ ಬೇಕು. ಎಲ್ಲವನ್ನೂ ಗುಟ್ಟಾಗಿಡುತ್ತೇವೆ ಅಂತ ಮಾತ್ರ ಮಾತು ಕೊಡಬೇಡಿ: ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದ್ದು ತಿಳಿದರೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಇದನ್ನು ಶುರುವಿನಲ್ಲೇ ಹೇಳಿ. ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181, ಎರಡೂ ಬೋರ್ಡಿನ ಮೇಲಿರಲಿ.

ಶನಿವಾರ ಮಧ್ಯಾಹ್ನ ಬಿಡುವಿರುವವರು ದಯವಿಟ್ಟು ಇಲ್ಲೇ ತಿಳಿಸಿ.