ಚುಕ್ಕಿ ಎನಾಮಲ್ ಪಾತ್ರೆ, ಮಣ್ಣಿನ ಮಡಕೆ: ಬಳಸಿದವರು ಹೇಳಿ

ಗೋವಾದ ವಾಸ್ಕೋದಿಂದ ಪ್ರಶ್ನೆ: ಮನೆಯ ನಾನ್‌ಸ್ಟಿಕ್ ಪಾತ್ರೆಯ ಲೇಪ ಎದ್ದಿದೆ. ನೀಲಿ ಮೇಲೆ ಬಿಳಿ ಚುಕ್ಕಿಯ ಎನಾಮಲ್ ಪಾತ್ರೆ ತಗೋಬೇಕು ಅಂತ ಆಸೆ. ಹುಣಸೆಹುಳಿ ಸಾರಿಗೆ ಆಗುತ್ತಾ? ಬಾಳಿಕೆ ಬರುತ್ತಾ? ಅಥವಾ ಮಣ್ಣಿನ ಮಡಕೆಯೇ ವಾಸಿನಾ?

ಮಡಗಾಂವ್‌ನಿಂದ: ಧೈರ್ಯವಾಗಿ ತಗೊಳ್ಳಿ ಅಕ್ಕ. ಒಳಗಿರುವುದು ಉಕ್ಕಿನ ತಗಡು. ಅದರ ಮೇಲೆ ಗಾಜಿನ ಪುಡಿ ಬಳಿದು, 800 ಡಿಗ್ರಿ ಆಸುಪಾಸಿನ ಶಾಖದಲ್ಲಿ ಕರಗಿಸಿ ಕೂರಿಸಿರುತ್ತಾರೆ. ಅಡುಗೆಯ ಹುಳಿಗೆ ಗಾಜು ಜಗ್ಗುವುದಿಲ್ಲ. ಅದಕ್ಕೆ ಆಗದಿರುವುದು ಪೆಟ್ಟು, ಮತ್ತೆ ದಿಢೀರ್ ಬಿಸಿ ತಂಪು.

ಅಮ್ಮ ಧಾರವಾಡದಿಂದ ಕೊಟ್ಟು ಕಳಿಸಿದ ಪಾತ್ರೆ ನನ್ನ ಹತ್ರ 11 ವರ್ಷ ಬಾಳಿತು. ಒಂದು ಸಂಜೆ ಖಾಲಿ ಪಾತ್ರೆ ಉರಿ ಮೇಲೆ ಮರೆತೆ. ಗಾಬರಿಯಲ್ಲಿ ನಲ್ಲಿ ಕೆಳಗೆ ಹಿಡಿದೆ. ಟಿಕ್ ಟಿಕ್ ಅಂತ ಸದ್ದು. ತಳದಲ್ಲಿ ಹುರುಳಿಕಾಳಿನಷ್ಟು ಚಕ್ಕೆ ಹಾರಿ ಕರಿ ತಗಡು ಕಂಡಿತು. ಮರುದಿನ ಒರೆಸಿದ ಬಟ್ಟೆಯಲ್ಲಿ ಕಂದು ತುಕ್ಕು. ಒಳಗೆ ಚಕ್ಕೆ ಎದ್ದರೆ ಅದರಲ್ಲಿ ಅಡುಗೆ ಬೇಡವೇ ಬೇಡ, ಗಾಜಿನ ಚೂರು ಊಟಕ್ಕೆ ಬೀಳಬಹುದು. ಈಗ ಅದರಲ್ಲಿ ಒಂದೆಲಗ ಹಬ್ಬಿದೆ.

ಕೊಳ್ಳುವಾಗ ಅಂಚಿನ ಸುತ್ತ ಬೆರಳಾಡಿಸಿ, ಹಿಡಿಯ ಬುಡ ನೋಡಿ. ಚಕ್ಕೆ ಏಳುವುದು ಜಾಸ್ತಿ ಅಲ್ಲೇ. ಕೈಗೆ ಭಾರ ಅನ್ನಿಸಬೇಕು, ತೆಳು ತಗಡು ಬಾಗಿದರೆ ಗಾಜು ಉದುರುತ್ತದೆ. ತಳ ಸಮ ಇದ್ದರೆ ಇಂಡಕ್ಷನ್ ಮೇಲೂ ನಡೆಯುತ್ತದೆ. ಮರದ ಸೌಟು ಸಾಕು. ಸೀದರೆ ಬಿಸಿನೀರಲ್ಲಿ ನೆನೆಹಾಕಿ, ಸ್ಟೀಲ್ ನಾರು ಮುಟ್ಟಿಸಬೇಡಿ.

ಮಾಪುಸಾದಿಂದ: ಮೀನು ಸಾರಿಗೆ ನನ್ನ ಓಟು ಮಣ್ಣಿಗೇ. ನಮ್ಮಲ್ಲಿ ಶುಕ್ರವಾರದ ಸಂತೆಗೆ ಮಡಕೆ ಬರುತ್ತವೆ, ಬಿಚೋಲಿಮ್ ಕಡೆ ಕುಂಬಾರಿಕೆ ಹಳೆಯದು. ಗೆಣ್ಣಿನಿಂದ ತಟ್ಟಿ ನೋಡಿ. ಠಣ್ ಅಂದರೆ ತಗೊಳ್ಳಿ, ಸದ್ದು ಮಂಕಾಗಿದ್ದರೆ ಎಲ್ಲೋ ಬಿರುಕು ಇದೆ. ಒಂದು ದಿನ ನೀರಲ್ಲಿ ಮುಳುಗಿಸಿಡಿ, ಆಮೇಲೆ ಗಂಜಿ ತಿಳಿ ಸಣ್ಣ ಉರಿಯಲ್ಲಿ ಕುದಿಸಿ. ಮೊದಲ ಸಲ ಮಡಕೆ ಗೋಡೆಯ ಕಾಣದಷ್ಟು ಸಣ್ಣ ತೂತುಗಳಿಂದ ಗುಳ್ಳೆ ಏಳುತ್ತವೆ, ಹೊರಮೈ ಬೆವರುತ್ತದೆ. ಹೆದರಬೇಡಿ. ಗಂಜಿ ಆ ತೂತುಗಳನ್ನೇ ಮುಚ್ಚುವುದು. ಸೋಪು ಹಾಕಬೇಡಿ, ಮಣ್ಣು ಅದನ್ನೂ ಕುಡಿಯುತ್ತದೆ. ಬಿಸಿ ಮಡಕೆಯನ್ನು ಕಲ್ಲಿನ ಕಟ್ಟೆ ಮೇಲೆ ಇಡದೆ ಸಿಂಬಿ ಮೇಲೆ ಇಡಿ. ಮಳೆಗಾಲದಲ್ಲಿ ಮುಚ್ಚಳ ಹಾಕಿ ಎತ್ತಿಟ್ಟರೆ ಬೂಷ್ಟು ಗ್ಯಾರಂಟಿ, ಬಾಯಿ ತೆರೆದೇ ಇಡಿ. ಇಂಡಕ್ಷನ್‌ಗೆ ಮಾತ್ರ ಇದು ಆಗಲ್ಲ.

ಪೋಂಡಾದಿಂದ: ಬಣ್ಣ ಬಣ್ಣದ ಹೊಳಪಿನ ಅಲಂಕಾರದ ಮಣ್ಣಿನ ಪಾತ್ರೆಗೆ ಮರುಳಾಗಿ ಅದರಲ್ಲಿ ಹುಳಿ ಇಡಬೇಡಿ. ಕೆಲವು ಹೊಳಪಿನ ಲೇಪದಲ್ಲಿ ಸೀಸ ಇರುತ್ತದೆ, ಹುಳಿಗೆ ಅದು ಬಿಡುತ್ತದೆ. ಉಪ್ಪಿನಕಾಯಿಗೆ ನಮ್ಮ ಹಳೇ ಬಿಳಿ ಕಂದು ಜಾಡಿಯೇ ಸರಿ. ಅಜ್ಜಿಯ ಜಾಡಿಯಲ್ಲಿ ಈ ವರ್ಷವೂ ಮಾವಿನ ಮಿಡಿ ಹಾಕಿದ್ದೇನೆ.